ಇಪ್ಪತ್ತೊಂದಕ್ಕೆ ಇಪ್ಪತ್ತೊಂದು ಗುರಿ ಬೇಡ, ಮೂರು ಸಾಕು

ಹಾಸ್ಟೆಲ್‌ನಲ್ಲಿ ಬರ್ತ್‌ಡೇ ಹೇಗೆ ನಡೆಯುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿಯೋದು, ಅರ್ಧ ಕೇಕ್ ಮುಖಕ್ಕೆ, ಕಾಲು ಭಾಗ ಗೋಡೆಗೆ, ಉಳಿದದ್ದು ಹೊಟ್ಟೆಗೆ. ನನ್ನ ಇಪ್ಪತ್ತನೇ ಹುಟ್ಟುಹಬ್ಬವೂ ಹಾಗೇ ಆಯ್ತು. ಮುಖ ತೊಳ್ಕೊಂಡು ಬಂದು ಮಲಗೋಕೆ ಹೋದ್ರೆ ನಿದ್ದೆ ಬರಲಿಲ್ಲ. "ಟೀನೇಜ್ ಮುಗೀತು, ಇಲ್ಲಿಯವರೆಗೆ ಏನು ಮಾಡಿದೆ?" ಅನ್ನೋ ಪ್ರಶ್ನೆ ಬಂತು. ಎದ್ದು ಕೂತು ಲ್ಯಾಬ್ ರೆಕಾರ್ಡ್‌ನ ಕೊನೇ ಹಾಳೆಯಲ್ಲಿ ಇಪ್ಪತ್ತು ಗುರಿ ಬರೆದೆ. ಇಪ್ಪತ್ತು ವರ್ಷಕ್ಕೆ ಇಪ್ಪತ್ತು ಗುರಿ, ಲೆಕ್ಕ ಚೆನ್ನಾಗಿತ್ತು!

ಒಂದು ವರ್ಷ ಕಳೆದು ಇಪ್ಪತ್ತೊಂದು ತುಂಬೋ ವಾರ ಆ ರೆಕಾರ್ಡ್ ಮತ್ತೆ ಕೈಗೆ ಸಿಕ್ತು. ಇಪ್ಪತ್ತರಲ್ಲಿ ಆಗಿದ್ದು ಮೂರು. ಅದರಲ್ಲೂ ಒಂದು "ಹೊಸ ಶೂ ತಗೊಳ್ಳೋದು". "ಫಿಟ್ ಆಗೋದು", "ಕೋಡಿಂಗ್‌ನಲ್ಲಿ ಎಕ್ಸ್‌ಪರ್ಟ್ ಆಗೋದು", "ತುಂಬಾ ಪುಸ್ತಕ ಓದೋದು" ಎಲ್ಲಾ ಹಾಗೇ ಇದ್ದವು. ಮೂರನೇ ಸೆಮ್‌ನ ಮ್ಯಾಥ್ಸ್ ಬ್ಯಾಕ್ ಕೂಡ ಹಾಗೇ ಇತ್ತು. ಪಟ್ಟಿಯ ಕೊನೆಯಲ್ಲಿ ಒಂದು ಸಾಲು ನೋಡಿ ಮಾತ್ರ ಮನಸ್ಸಿಗೆ ಚುಚ್ಚಿತು: "ಅಪ್ಪನ ಜೊತೆ ಸರಿಯಾಗಿ ಮಾತಾಡೋದು." ಅದಕ್ಕೆ ದುಡ್ಡು ಬೇಕಿರಲಿಲ್ಲ, ಪ್ರತಿಭೆಯೂ ಬೇಕಿರಲಿಲ್ಲ. ಆದರೂ ಆಗಿರಲಿಲ್ಲ.

ಇಪ್ಪತ್ತೊಂದು ಅಂದ್ರೆ ಸಣ್ಣ ವಯಸ್ಸಲ್ಲ. ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಲ್ಲಬಹುದು, ಕಾನೂನಿನ ಪ್ರಕಾರ ಹುಡುಗರು ಮದುವೆಯನ್ನೂ ಆಗಬಹುದು! ಇಂಥ ವರ್ಷದಲ್ಲಿ ಗುರಿ ಇಟ್ಕೊಳ್ಳೋದು ಹೇಗೆ, ಅದಕ್ಕೆ ಪುಸ್ತಕಗಳು ಹೇಗೆ ನೆರವಾಗ್ತವೆ ಅಂತ ನಾನು ಎಡವಿ ಕಲಿತದ್ದನ್ನು ಇಲ್ಲಿ ಬರೀತಿದ್ದೀನಿ.

ಪಟ್ಟಿ ಯಾಕೆ ಸೋಲುತ್ತೆ?

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಓಪನ್ ಲೂಪ್ ವ್ಯವಸ್ಥೆಯಲ್ಲಿ ಇನ್‌ಪುಟ್ ಕೊಡ್ತೀವಿ, ಔಟ್‌ಪುಟ್ ಏನು ಬಂತು ಅಂತ ಯಾರೂ ವಾಪಸ್ ತಿಳಿಸಲ್ಲ. ಹಳೇ ಟೋಸ್ಟರ್ ಹಾಗೆ, ಟೈಮರ್ ಮುಗಿಯೋವರೆಗೂ ಬ್ರೆಡ್ ಸುಡ್ತಾನೇ ಇರುತ್ತೆ. ಕ್ಲೋಸ್ಡ್ ಲೂಪ್‌ನಲ್ಲಿ ಔಟ್‌ಪುಟ್ ಅಳೆದು, ಬೇಕಾದದ್ದಕ್ಕೂ ಬಂದದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ತಿದ್ದಿಕೊಳ್ತೀವಿ.

ನನ್ನ ಪಟ್ಟಿ ಪೂರ್ತಿ ಓಪನ್ ಲೂಪ್. "ಫಿಟ್ ಆಗೋದು" ಅಂದ್ರೆ ಎಷ್ಟು? "ತುಂಬಾ ಪುಸ್ತಕ" ಅಂದ್ರೆ ಐದೋ ಐವತ್ತೋ? ಅಳೆಯೋಕೆ ಏನೂ ಇರಲಿಲ್ಲ. ಬರೆದಿಟ್ಟ ಮೇಲೆ ಒಂದು ವರ್ಷ ಆ ಹಾಳೆ ತೆಗೆದು ನೋಡಲೂ ಇಲ್ಲ. ಇನ್ನೊಂದು ತಪ್ಪು ಅಂದ್ರೆ ಈಗ ಎಲ್ಲಿದ್ದೀನಿ ಅಂತ ನೋಡದೇ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಬರೆದಿದ್ದೆ.

ಇಪ್ಪತ್ತನೇ ವಯಸ್ಸಿನ ಫ್ರಾಂಕ್ಲಿನ್

ಆ ವಾರವೇ ಲೈಬ್ರರಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆ ಸಿಕ್ತು. ಮಿಂಚುವಾಹಕ ಕಂಡುಹಿಡಿದ ಅದೇ ಫ್ರಾಂಕ್ಲಿನ್. 1706ರಲ್ಲಿ ಹುಟ್ಟಿದ ಅವರು 1726ರಲ್ಲಿ ಲಂಡನ್‌ನಿಂದ ಅಮೆರಿಕಕ್ಕೆ ಹಡಗಿನಲ್ಲಿ ವಾಪಸ್ ಬರುವಾಗ, ಇನ್ನು ಮುಂದೆ ಹೇಗೆ ಬದುಕಬೇಕು ಅಂತ ಒಂದು ಯೋಜನೆ ಬರೆದುಕೊಂಡರು. ಆಗ ಅವರಿಗೆ ಇಪ್ಪತ್ತು ವರ್ಷ. ಕೈಯಲ್ಲಿ ದುಡ್ಡಿಲ್ಲದ ಒಬ್ಬ ಪ್ರಿಂಟಿಂಗ್ ಪ್ರೆಸ್ ಕೆಲಸಗಾರ ಅಷ್ಟೇ.

ಮುಂದೆ ಅವರು ಇನ್ನೂ ಒಂದು ಹೆಜ್ಜೆ ಹೋದರು. ತನಗೆ ಬೇಕಾದ 13 ಗುಣಗಳನ್ನು ಪಟ್ಟಿ ಮಾಡಿ ಒಂದು ಪುಟ್ಟ ಪುಸ್ತಕ ಮಾಡಿಕೊಂಡರು. ಪ್ರತಿ ಪುಟದಲ್ಲಿ ವಾರದ ಏಳು ದಿನಕ್ಕೆ ಏಳು ಕಾಲಮ್, 13 ಗುಣಕ್ಕೆ 13 ಸಾಲು. ದಿನದ ಕೊನೆಗೆ ಎಲ್ಲಿ ತಪ್ಪಿದೆನೋ ಅಲ್ಲಿ ಒಂದು ಕಪ್ಪು ಚುಕ್ಕೆ. ಆದರೆ 13ನ್ನೂ ಒಟ್ಟಿಗೆ ಸಾಧಿಸೋಕೆ ಹೋಗಲಿಲ್ಲ. ಒಂದು ವಾರ ಒಂದರ ಮೇಲೆ ಮಾತ್ರ ಪೂರ್ತಿ ಗಮನ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. 13 ಗುಣಿಸು 4, 52 ವಾರ. ಲೆಕ್ಕ ಅಂದ್ರೆ ಇದು!

ನನಗೆ ಇಷ್ಟವಾದದ್ದು ಮುಂದಿನ ಭಾಗ. ಅವರಿಗೆ ಎಲ್ಲಕ್ಕಿಂತ ಕಷ್ಟವಾದ ಗುಣ 'ಅಚ್ಚುಕಟ್ಟು'. ಸಾಮಾನು ಇಟ್ಟ ಜಾಗದಲ್ಲಿ ಇಡೋದು, ಹೊತ್ತಿಗೆ ಸರಿಯಾಗಿ ಕೆಲಸ ಮಾಡೋದು ಅವರಿಗೆ ಕೊನೆವರೆಗೂ ಸರಿಯಾಗಿ ಬರಲಿಲ್ಲ. ಎಪ್ಪತ್ತೊಂಬತ್ತನೇ ವರ್ಷದಲ್ಲಿ ಇದನ್ನು ಬರೆಯುವಾಗ, ಪರಿಪೂರ್ಣತೆ ಸಿಗಲಿಲ್ಲ, ಆದರೆ ಪ್ರಯತ್ನವೇ ಮಾಡದಿದ್ದರೆ ಇರುತ್ತಿದ್ದದ್ದಕ್ಕಿಂತ ಒಳ್ಳೆಯವನಾದೆ ಅನ್ನೋ ಅರ್ಥದಲ್ಲಿ ಒಪ್ಪಿಕೊಳ್ತಾರೆ. ಓದಿದಾಗ ನನ್ನ ಹದಿನೇಳು ಸೋಲಿನ ಭಾರ ಸ್ವಲ್ಪ ಇಳಿಯಿತು.

ಮೂರು ಗುರಿ ಹೇಗೆ ಆರಿಸಿದೆ

ಈ ಸಲ ಇಪ್ಪತ್ತೊಂದು ಬರೆಯಲಿಲ್ಲ, ಮೂರೇ ಬರೆದೆ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಕೇಳಿಕೊಂಡೆ: ಈಗ ಎಷ್ಟಿದೆ? ದಿನಕ್ಕೆ ಅಥವಾ ವಾರಕ್ಕೆ ಎಷ್ಟು ಮಾಡ್ತೀನಿ? ಎಲ್ಲಿ, ಎಷ್ಟೊತ್ತಿಗೆ? ತಪ್ಪಿದ್ರೆ ಹೇಗೆ ಗೊತ್ತಾಗುತ್ತೆ?

ಒಂದು, ಮ್ಯಾಥ್ಸ್ ಬ್ಯಾಕ್ ಕ್ಲಿಯರ್ ಮಾಡೋದು. ಬೆಳಿಗ್ಗೆ ತಿಂಡಿಗೆ ಮುಂಚೆ ರೀಡಿಂಗ್ ರೂಮಿನಲ್ಲಿ ಎರಡು ಪ್ರಾಬ್ಲಮ್. ಮೂರಲ್ಲ, ಎರಡೇ.

ಎರಡು, ದಿನಕ್ಕೆ ಹತ್ತು ಪುಟ ಓದೋದು. ಸಿಲಬಸ್ ಪುಸ್ತಕ ಲೆಕ್ಕಕ್ಕಿಲ್ಲ.

ಮೂರು, ಭಾನುವಾರ ಸಂಜೆ ಆರಕ್ಕೆ ಅಪ್ಪನಿಗೆ ಫೋನ್. ಕನಿಷ್ಠ ಹದಿನೈದು ನಿಮಿಷ. ಈಗ ಎಷ್ಟಿದೆ ಅಂತ ಕಾಲ್ ಹಿಸ್ಟರಿ ನೋಡಿದೆ. ಹೆಚ್ಚಿನವು ಎರಡು ನಿಮಿಷವೂ ಇರಲಿಲ್ಲ. "ಊಟ ಆಯ್ತಾ?" "ಹ್ಞೂಂ ಅಪ್ಪ." "ದುಡ್ಡು ಇದೆಯಾ?" "ಇದೆ ಅಪ್ಪ." ಮುಗೀತು.

ರೂಮಿನ ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ ತಪ್ಪಿದ ದಿನ ಚುಕ್ಕೆ ಇಡೋಕೆ ಶುರು ಮಾಡಿದೆ. ರೂಮ್‌ಮೇಟ್ ನೋಡಿ, "ಏನೋ ಇದು, ಹಾಲಿನ ಲೆಕ್ಕನಾ?" ಅಂದ. ಹೌದಪ್ಪ, ಹೆಚ್ಚೂಕಡಿಮೆ ಅದೇ ಅಂದೆ. ಮನೆಯಲ್ಲಿ ಅಮ್ಮ ಹಾಲಿನ ಲೆಕ್ಕಕ್ಕೆ ಹಾಕೋ ಗುರುತು ತಪ್ಪಿದ್ದನ್ನ ನಾನಂತೂ ನೋಡಿಲ್ಲ.

ಪುಸ್ತಕ ಯಾಕೆ? ರೀಲ್ಸ್ ಸಾಲದಾ?

ಮೋಟಿವೇಶನ್ ಬೇಕು ಅಂದ್ರೆ ಮೂವತ್ತು ಸೆಕೆಂಡಿನ ರೀಲ್ ಸಿಗುತ್ತೆ. ಆದರೆ ರೀಲ್‌ನಲ್ಲಿ ಗೆಲುವು ಮೂವತ್ತನೇ ಸೆಕೆಂಡಿಗೇ ಬಂದುಬಿಡುತ್ತೆ. ಜೀವನಚರಿತ್ರೆ, ಆತ್ಮಕಥೆಗಳಲ್ಲಿ ಗೆಲುವು ಇನ್ನೂರನೇ ಪುಟಕ್ಕೆ ಬರುತ್ತೆ, ಕೆಲವೊಮ್ಮೆ ಬರೋದೇ ಇಲ್ಲ. ಒಂದು ಕೆಲಸ ಆಗೋಕೆ ನಿಜವಾಗಿ ಎಷ್ಟು ಕಾಲ ಹಿಡಿಯುತ್ತೆ ಅನ್ನೋ ಅಂದಾಜು ನನಗೆ ಸಿಕ್ಕಿದ್ದು ಪುಸ್ತಕಗಳಿಂದ. ನಮ್ಮ ವಯಸ್ಸಿಗೆ ಬೇಕಾದ ಕೆಲವನ್ನು ಹೇಳ್ತೀನಿ.

ಅಬ್ದುಲ್ ಕಲಾಂ ಅವರ 'ವಿಂಗ್ಸ್ ಆಫ್ ಫೈರ್' ಹೆಸರು ಎಲ್ಲರಿಗೂ ಗೊತ್ತು, ಪೂರ್ತಿ ಓದಿದವರು ಕಮ್ಮಿ. ಪೈಲಟ್ ಆಗಬೇಕು ಅಂತ ಡೆಹ್ರಾಡೂನ್‌ಗೆ ಹೋದಾಗ ಆಯ್ಕೆ ಆಗಬೇಕಿದ್ದದ್ದು ಎಂಟು ಜನ, ಕಲಾಂ ಒಂಬತ್ತನೆಯವರು. ಒಂದೇ ಸ್ಥಾನದಲ್ಲಿ ಕನಸು ಹೋಯ್ತು. ಕಾಲೇಜಿನ ಪ್ರಾಜೆಕ್ಟ್ ಪ್ರಸಂಗ ಇನ್ನೂ ಚೆನ್ನಾಗಿದೆ. ವಿಮಾನದ ಡಿಸೈನ್ ಕೆಲಸ ಸಾಗಿಲ್ಲ ಅಂತ ಪ್ರೊಫೆಸರ್ ಬೇಸರಪಟ್ಟಾಗ ಕಲಾಂ ಒಂದು ತಿಂಗಳು ಕೇಳಿದರು, ಸಿಕ್ಕಿದ್ದು ಮೂರು ದಿನ. ಮುಗಿಸದಿದ್ದರೆ ಸ್ಕಾಲರ್‌ಶಿಪ್ ನಿಲ್ಲುತ್ತೆ ಅನ್ನೋ ಎಚ್ಚರಿಕೆ ಬೇರೆ. ಸಬ್‌ಮಿಷನ್ ಹಿಂದಿನ ರಾತ್ರಿ ಇದನ್ನು ಓದಿ ನೋಡಿ!

ಎಸ್. ಎಲ್. ಭೈರಪ್ಪನವರ 'ಭಿತ್ತಿ' ಬೇರೆ ಥರದ ಪುಸ್ತಕ. ಪ್ಲೇಗಿಗೆ ಮನೆಯವರನ್ನು ಕಳೆದುಕೊಂಡ ಹುಡುಗ, ಬೇರೆಯವರ ಮನೆಯ ಊಟ ನಂಬಿಕೊಂಡು ಓದು ಮುಂದುವರಿಸಿದ ಕಥೆ. ಮೆಸ್ ಸಾರು ಸರಿಯಿಲ್ಲ ಅಂತ ಜಗಳ ಆಡಿ ಬಂದ ದಿನ ನಾನದನ್ನು ಓದ್ತಿದ್ದೆ. ಹೆಚ್ಚು ಹೇಳಲ್ಲ.

"ಒಂದೇ ಗುರಿ ಇಟ್ಕೋ" ಅಂತ ಎಲ್ಲರೂ ಹೇಳ್ತಾರಲ್ಲ, ಅದಕ್ಕೆ ಉತ್ತರ ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ಕಾರಂತರು ಪತ್ರಿಕೆ, ನಾಟಕ, ಮೂಕಿ ಸಿನಿಮಾ, ಯಕ್ಷಗಾನ, ಮಕ್ಕಳ ಶಿಕ್ಷಣ, ವಿಜ್ಞಾನದ ಬರಹ ಹೀಗೆ ಎಷ್ಟೆಲ್ಲಾ ಮಾಡಿದರು! ಕೆಲವು ಕೈಕೊಟ್ಟವು. ಆದರೆ ಹಿಡಿದ ಕೆಲಸವನ್ನು ಹಿಡಿದಷ್ಟು ದಿನ ಪೂರ್ತಿ ಹಿಡಿದರು.

ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ದೊಡ್ಡ ಪುಸ್ತಕ, ನಿಧಾನವಾಗಿ ಓದಬೇಕು. ಮೊದಲು ಅವರು ಇಂಗ್ಲಿಷಿನಲ್ಲಿ ಕವಿತೆ ಬರೀತಿದ್ದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, ನಿಮ್ಮ ಭಾಷೆಯಲ್ಲೇ ಬರೀರಿ ಅಂತ ಸಲಹೆ ಕೊಟ್ಟರು. ಆಗ ಕುವೆಂಪು ಅವರಿಗೆ ಹತ್ತೊಂಬತ್ತು. ಒಳ್ಳೆಯ ಮಾತು ಕೇಳಿದಾಗ ಗುರಿ ಬದಲಾಯಿಸೋದು ಸೋಲಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ?

ದಪ್ಪ ಪುಸ್ತಕ ನೋಡಿದ್ರೆ ಭಯ ಅನ್ನೋರಿಗೆ ಡಿವಿಜಿಯವರ 'ಮಂಕುತಿಮ್ಮನ ಕಗ್ಗ' ಇದೆ. ಒಟ್ಟು 945 ಪದ್ಯ, ಒಂದೊಂದೂ ನಾಲ್ಕೇ ಸಾಲು. ದಿನಕ್ಕೆ ಮೂರು ಓದಿದರೆ 315 ದಿನ. ಅಂದ್ರೆ ಹುಟ್ಟುಹಬ್ಬದ ದಿನ ಶುರು ಮಾಡಿದರೆ ಮುಂದಿನ ಹುಟ್ಟುಹಬ್ಬಕ್ಕೆ ಮುಗಿದು, ಐವತ್ತು ದಿನ ರಜೆಯೂ ಸಿಗುತ್ತೆ!

ಹತ್ತು ಪುಟದ ಲೆಕ್ಕವನ್ನೂ ನೋಡಿ. ದಿನಕ್ಕೆ ಹತ್ತು ಅಂದ್ರೆ ವರ್ಷಕ್ಕೆ 3650 ಪುಟ. 250 ಪುಟದ ಪುಸ್ತಕವಾದರೆ ಹದಿನಾಲ್ಕು. ಹತ್ತು ಪುಟಕ್ಕೆ ನನಗೆ ಹಿಡಿಯೋದು ಇಪ್ಪತ್ತು ನಿಮಿಷ, ಕ್ಯಾಂಟೀನ್‌ನಲ್ಲಿ ಒಂದು ಟೀಗೆ ಕಳೆಯೋದಕ್ಕಿಂತ ಕಮ್ಮಿ.

ಒಂದು ಎಚ್ಚರಿಕೆ

ಓದು ತಪ್ಪಿಸಿಕೊಳ್ಳೋ ದಾರಿಯೂ ಆಗಬಹುದು. ಇಂಟರ್ನಲ್ಸ್ ಹತ್ತಿರ ಬಂದಾಗ ನಾನೇ 'ಸ್ಫೂರ್ತಿ' ಹೆಸರಲ್ಲಿ ಕಾದಂಬರಿ ಹಿಡಿದು ಕೂತಿದ್ದೀನಿ. ಸ್ಫೂರ್ತಿ ಬಂದಮೇಲೆ ಒಂದು ಸಣ್ಣ ಕೆಲಸ ಆಗಲೇಬೇಕು. ಸುಧಾ ಮೂರ್ತಿಯವರ ಪ್ರಸಂಗ ನೆನಪಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಮುಂದೆ ಓದುತ್ತಿದ್ದಾಗ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಅಂತಿದ್ದ ಟೆಲ್ಕೋ ಕಂಪನಿಯ ಜಾಹೀರಾತು ನೋಡಿದರು. ಸಿಟ್ಟು ಬಂತು. ಸಿಟ್ಟಿನಲ್ಲೇ ಬಿಡದೆ ಜೆ. ಆರ್. ಡಿ. ಟಾಟಾ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಬರೆದರು. ಇಂಟರ್‌ವ್ಯೂಗೆ ಕರೆ ಬಂತು, ಕೆಲಸವೂ ಸಿಕ್ತು. ಎಲ್ಲಾ ಶುರುವಾಗಿದ್ದು ಒಂದು ಪೋಸ್ಟ್‌ಕಾರ್ಡ್‌ನಿಂದ.

ಎಂಟು ತಿಂಗಳಾದ ಮೇಲೆ

ಲೆಕ್ಕ ಒಪ್ಪಿಸ್ತೀನಿ. ಮ್ಯಾಥ್ಸ್ ಪಾಸ್ ಆಯ್ತು, ಹೇಳಿಕೊಳ್ಳುವಂಥ ಮಾರ್ಕ್ಸ್ ಅಲ್ಲ. ಪುಸ್ತಕ ಇಷ್ಟೊತ್ತಿಗೆ ಒಂಬತ್ತು ಆಗಬೇಕಿತ್ತು, ಆರು ಆಗಿದೆ. ಫೆಸ್ಟ್ ವಾರದಲ್ಲಂತೂ ಕ್ಯಾಲೆಂಡರ್ ತುಂಬಾ ಚುಕ್ಕೆಗಳು.

ಮೂರನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಪ್ಪ ಊರಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರ್‌ಗೆ ಹೊಸ ತಂತಿ ಸುತ್ತೋ ಕೆಲಸ. ಮೊದಮೊದಲು ಹದಿನೈದು ನಿಮಿಷ ತುಂಬಿಸೋದೇ ಕಷ್ಟ ಆಯ್ತು. ಐದನೇ ನಿಮಿಷಕ್ಕೆ ಇಬ್ಬರೂ ಸುಮ್ಮನಾಗಿಬಿಡ್ತಿದ್ವಿ. ಒಂದು ಭಾನುವಾರ ಬೇರೆ ಮಾತು ಸಿಗದೆ ಫ್ರಾಂಕ್ಲಿನ್ ಚುಕ್ಕೆಗಳ ಕಥೆ ಹೇಳಿದೆ. ಅಪ್ಪ ಪೂರ್ತಿ ಕೇಳಿ, "ನನ್ನ ಹತ್ರಾನೂ ಅಂಥದ್ದೊಂದು ಬುಕ್ ಇದೆಯಲ್ಲೋ" ಅಂದರು.

ಅಂಗಡಿಗೆ ಬಂದ ಪ್ರತಿ ಮೋಟಾರಿನ ಲೆಕ್ಕ ಅದರಲ್ಲಿದೆಯಂತೆ. ಒಂದೊಂದು ಕಾಯಿಲ್‌ಗೆ ಎಷ್ಟು ಸುತ್ತು, ತಂತಿ ಯಾವ ಗೇಜ್, ಎಷ್ಟು ಸ್ಲಾಟ್. "ಸುಟ್ಟಿರಲಿ, ಏನೇ ಆಗಿರಲಿ, ಹಳೇ ಸುತ್ತು ಎಣಿಸಿ ಬರ್ಕೊಳ್ದೇ ಬಿಚ್ಚಬಾರದು. ಬಿಚ್ಚಿಬಿಟ್ರೆ ಹೊಸದು ಎಷ್ಟು ಸುತ್ತಬೇಕು ಅಂತ ಯಾರನ್ನ ಕೇಳ್ತೀಯ?" ಅಂದರು.

ಎಲೆಕ್ಟ್ರಿಕಲ್ ಮೆಷಿನ್ಸ್ ಪೇಪರ್‌ನಲ್ಲಿ ವೈಂಡಿಂಗ್ ಬಗ್ಗೆ ನಾನು ಎರಡು ಪುಟ ಉತ್ತರ ಬರೆದಿದ್ದೀನಿ. ಆದರೆ ನಮ್ಮಪ್ಪನ ಹತ್ರ ಆ ಪುಸ್ತಕ ಇದೆ ಅಂತ ಇಪ್ಪತ್ತೊಂದು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ಅವತ್ತಿನ ಕಾಲ್ ನಲವತ್ತೆರಡು ನಿಮಿಷ.

ನಿಮಗೂ ಈ ವರ್ಷ ಇಪ್ಪತ್ತೋ ಇಪ್ಪತ್ತೊಂದೋ ತುಂಬುತ್ತಿದ್ದರೆ, ಕೇಕ್ ತೊಳ್ಕೊಂಡ ಮೇಲೆ ಒಂದು ಹಾಳೆ ತಗೊಳ್ಳಿ. ಹೊಸ ಗುರಿ ಬರೆಯೋ ಮುಂಚೆ ಹಳೇ ಸುತ್ತು ಎಷ್ಟಿದೆ ಅಂತ ಎಣಿಸಿ ಬರ್ಕೊಳ್ಳಿ. ಆಮೇಲೆ ಮೂರೇ ಮೂರು ಗುರಿ, ಒಂದು ಕ್ಯಾಲೆಂಡರ್, ದಿನಕ್ಕೆ ಹತ್ತು ಪುಟ. ನಮ್ಮ ಲೈಬ್ರರಿಯ ಕನ್ನಡ ರ‍್ಯಾಕ್‌ನಲ್ಲಿ ಧೂಳು ಜಾಸ್ತಿ ಇದೆ, ಕ್ಯೂ ಇಲ್ಲ. 'ಭಿತ್ತಿ' ಮಾತ್ರ ಇನ್ನೊಂದು ವಾರ ನನ್ನ ಹತ್ರಾನೇ ಇರುತ್ತೆ. ಎರಡನೇ ಸಲ ಓದ್ತಿದ್ದೀನಿ, ದಯವಿಟ್ಟು ಕಾಯಿರಿ!