ಮೊದಲು ನೂಲು ನೋಡಿ, ಆಮೇಲೆ ಯಂತ್ರ ಕೊಳ್ಳಿ

ಮದುವೆ ಛತ್ರದಲ್ಲಿ ಜಮಖಾನ ಹಾಸ್ತಾರೆ. ಹೋಟೆಲು, ಆಫೀಸುಗಳಲ್ಲಿ ರತ್ನಗಂಬಳಿ ಹಾಸ್ತಾರೆ. ಇದಕ್ಕೇ ಕಾರ್ಪೆಟ್ ಅಂತಲೂ ಹೆಸರು. ನೂರಾರು ಕಾಲು ತುಳಿದ ಮೇಲೆ ಅದು ಕೊಳೆಯಾಗುತ್ತದೆ. ಒದ್ದೆಯಾದರೆ ಒಬ್ಬರಿಂದ ಎತ್ತಲೂ ಆಗೋದಿಲ್ಲ. ಅದನ್ನು ತೊಳೆದು ಕೊಡುವುದೂ ಒಂದು ಕಸುಬು. ನಾಲ್ಕು ಜನ ಸೇರಿದರೆ ಈ ಕೆಲಸ ಶುರು ಮಾಡಬಹುದು.

ಆದರೆ ಅವಸರ ಬೇಡ. ಸಾಲ ಮಾಡಿ ದೊಡ್ಡ ಯಂತ್ರ ತಂದಿರಿ ಅನ್ನಿ. ಮೊದಲ ಗಿರಾಕಿಯ ರತ್ನಗಂಬಳಿಯೇ ಕುಗ್ಗಿ ಹೋಯಿತು. ಆಗ ಏನು ಗತಿ? ಅದರ ಬೆಲೆ ಕಟ್ಟಿಕೊಡಬೇಕು. ಸಾಲದ ಕಂತೂ ಕಟ್ಟಬೇಕು. ಅದಕ್ಕೇ ಮೊದಲು ನೂಲು ತಿಳಿಯಬೇಕು. ನೂಲು ತಿಳಿದರೆ ವಿಧಾನ ತಿಳಿಯುತ್ತದೆ. ವಿಧಾನ ತಿಳಿದರೆ ಯಾವ ಸಾಮಾನು ಬೇಕು ಅನ್ನೋದು ಗೊತ್ತಾಗುತ್ತದೆ.

ನೂಲು ಯಾವುದು?

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ ಹತ್ತಿ ನೂಲಿನದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಂಬಳಿ ಕುರಿಯ ಉಣ್ಣೆಯದು. ಉತ್ತರ ಪ್ರದೇಶದ ಭದೋಹಿಯಲ್ಲಿ ಉಣ್ಣೆಯ ರತ್ನಗಂಬಳಿಯನ್ನು ಕೈಯಲ್ಲೇ ಮಾಡ್ತಾರೆ. ಆಫೀಸಿನಲ್ಲಿ ಹಾಸುವುದು ಹೆಚ್ಚಾಗಿ ನೈಲಾನಿನಂಥ ನೂಲು.

ಗುರುತಿಸೋದು ಹೇಗೆ? ಗಿರಾಕಿಯ ಒಪ್ಪಿಗೆ ಪಡೆದು ಅಂಚಿನಿಂದ ಒಂದು ಎಳೆ ತೆಗೆಯಿರಿ. ದೂರ ಹೋಗಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ.

ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ.
ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ.
ಕರಗಿ ಗಟ್ಟಿ ಮಣಿಯಾದರೆ ನೈಲಾನಿನಂಥ ನೂಲು.

ತೊಳೆಯುವ ಮೊದಲು

ಮೊದಲು ಧೂಳು ತೆಗೆಯಿರಿ. ಹಗ್ಗದ ಮೇಲೆ ಹಾಕಿ, ಹಿಂಭಾಗದಿಂದ ಕೋಲಿನಲ್ಲಿ ಬಡಿಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಧೂಳು ಇರುವಾಗಲೇ ನೀರು ಹಾಕಿದರೆ ಅದು ಕೆಸರಾಗುತ್ತದೆ. ಕೆಸರು ಬುಡಕ್ಕೆ ಇಳಿದರೆ ತೆಗೆಯೋದು ಕಷ್ಟ.

ಆಮೇಲೆ ಬಣ್ಣದ ಪರೀಕ್ಷೆ. ಬಿಳಿ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಒಂದು ಮೂಲೆಯಲ್ಲಿ ಒತ್ತಿ ಹಿಡಿಯಿರಿ. ಪ್ರತಿ ಬಣ್ಣದ ಮೇಲೂ ಹೀಗೆ ಮಾಡಿ. ಬಟ್ಟೆಗೆ ಬಣ್ಣ ಹತ್ತಿತೇ? ಹಾಗಾದರೆ ಅದನ್ನು ನೀರಿಗೆ ಹಾಕಬೇಡಿ. ಗಿರಾಕಿಗೆ ಹೇಳಿ ವಾಪಸ್ಸು ಕೊಡಿ. ಒಂದು ಕೆಲಸ ಹೋದರೂ ಹೆಸರು ಉಳಿಯುತ್ತದೆ.

ಯಾವುದಕ್ಕೆ ಯಾವ ವಿಧಾನ?

ಹತ್ತಿ ಜಮಖಾನ: ತಣ್ಣೀರು, ಸೋಪು, ಮೆತ್ತನೆಯ ಬ್ರಷ್ ಸಾಕು. ಬ್ಲೀಚಿಂಗ್ ಪುಡಿ ಬೇಡ. ಬಣ್ಣ ಹೋಗುತ್ತದೆ.

ಉಣ್ಣೆ: ಬಿಸಿನೀರು ಬೇಡ. ಜೋರಾಗಿ ಉಜ್ಜಬೇಡಿ. ಉಣ್ಣೆ ಗಂಟು ಕಟ್ಟಿ ಕುಗ್ಗುತ್ತದೆ. ಬ್ಲೀಚಿಂಗ್ ಪುಡಿ ಉಣ್ಣೆಯನ್ನೇ ತಿಂದು ಹಾಕುತ್ತದೆ. ತೊಳೆಯುವ ಸೋಡಾ ಕೂಡ ಬೇಡ. ತಣ್ಣೀರು, ಸೌಮ್ಯವಾದ ಸೋಪು ಬಳಸಿ. ಅಂಟುವಾಳದ ನೊರೆಯೂ ಆಗುತ್ತದೆ. ಕರಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರ್ತಾರೆ. ಒಗೆದರೆ ಗಂಜಿ ಹೋಗಿ ಕಂಬಳಿ ಮೆತ್ತಗಾಗುತ್ತದೆ. ಮೊದಲೇ ತಿಳಿಸಿ.

ನೆಲಕ್ಕೆ ಅಂಟಿಸಿದ ಕಾರ್ಪೆಟ್: ಇದನ್ನು ಎತ್ತಲು ಆಗೋದಿಲ್ಲ. ನೀರು ಸುರಿಯಲೂ ಬಾರದು. ನೀರು ಚಿಮ್ಮಿಸಿ ಕೂಡಲೇ ಹೀರುವ ಯಂತ್ರವೇ ಬೇಕು.

ಯಾವುದೇ ಇರಲಿ, ಸೋಪು ಪೂರ್ತಿ ಹೋಗಬೇಕು. ಸೋಪು ಉಳಿದರೆ ಕೊಳೆ ಬೇಗ ಅಂಟುತ್ತದೆ. ಒಂದು ದಿನದೊಳಗೆ ಒಣಗಬೇಕು. ಇಲ್ಲಾಂದ್ರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಬಣ್ಣದ ಮುಖಕ್ಕೆ ಕಡು ಬಿಸಿಲು ಬೇಡ. ಗಾಳಿಯಾಡುವ ನೆರಳು ಒಳ್ಳೆಯದು. ಮಳೆಗಾಲಕ್ಕೆ ಸೂರು, ಫ್ಯಾನು ಬೇಕು. ಸೂರು ಇಲ್ಲದಿದ್ದರೆ ಆ ತಿಂಗಳುಗಳಲ್ಲಿ ಕೆಲಸ ಒಪ್ಪಬೇಡಿ.

ಏನೇನು ಕೊಳ್ಳಬೇಕು?

ಮೊದಲ ಕಂತಿನಲ್ಲಿ: ಕೋಲು, ಬ್ರಷ್, ಪೈಪು, ಬಕೆಟ್, ಒಣಹಾಕಲು ಗಟ್ಟಿ ಕಂಬಿ. ತೊಳೆಯಲು ಇಳಿಜಾರಿನ ಸಿಮೆಂಟು ನೆಲ.

ಎರಡನೆಯ ಕಂತಿನಲ್ಲಿ: ಧೂಳು ಹೀರುವ ಯಂತ್ರ. ಇದರಲ್ಲಿ ಎರಡು ಬಗೆ. ಒಂದು ಒಣ ಧೂಳಿಗೆ ಮಾತ್ರ. ಇನ್ನೊಂದು ಧೂಳು, ನೀರು ಎರಡನ್ನೂ ಹೀರುತ್ತದೆ. ಎರಡನೆಯದನ್ನೇ ಕೇಳಿ ಕೊಳ್ಳಿ. ಮೊದಲನೆಯದರಲ್ಲಿ ನೀರು ಹೀರಿದರೆ ಯಂತ್ರ ಕೆಡುತ್ತದೆ, ಶಾಕ್ ಕೂಡ ಹೊಡೆಯಬಹುದು.

ನೀರು ಚಿಮ್ಮಿಸಿ ಹೀರುವ ಯಂತ್ರದ ಬೆಲೆ ಹೆಚ್ಚು. ಆಫೀಸಿನ ಕೆಲಸ ಖಾಯಂ ಸಿಗುವವರೆಗೆ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ.

ಜೋಪಾನ

ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಇರಲಿ. ಬ್ಲೀಚಿಂಗ್ ಪುಡಿಯನ್ನು ಆಸಿಡ್ ಜೊತೆ ಎಂದೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ. ಜೀವಕ್ಕೇ ಅಪಾಯ. ತೊಳೆದ ನೀರನ್ನು ಬಾವಿ, ಕೆರೆಗೆ ಬಿಡಬೇಡಿ.

ಲೆಕ್ಕ ಹಾಕೋಣ

ಒಂದು ಕಾರ್ಪೆಟ್ 12 ಅಡಿ ಉದ್ದ, 10 ಅಡಿ ಅಗಲ ಇದೆ.
12 × 10 = 120 ಚದರ ಅಡಿ.
ಚದರ ಅಡಿಗೆ 5 ರೂಪಾಯಿ ಅಂತ ಇಟ್ಟುಕೊಳ್ಳಿ.
120 × 5 = 600 ರೂಪಾಯಿ.
ಸೋಪು, ನೀರು, ಕರೆಂಟು, ಗಾಡಿ ಖರ್ಚು 200 ರೂಪಾಯಿ.
ಉಳಿದದ್ದು 400 ರೂಪಾಯಿ.

ಯಂತ್ರದ ಸಾಲಕ್ಕೆ ತಿಂಗಳ ಕಂತು 3,000 ರೂಪಾಯಿ ಆದರೆ? 7 ಕಾರ್ಪೆಟಿಗೆ 2,800 ರೂಪಾಯಿ. ಸಾಲದು. 8 ಕಾರ್ಪೆಟ್ ತೊಳೆದರೆ ಕಂತು ತೀರುತ್ತದೆ. ನಿಮ್ಮ ನಾಲ್ವರ ಕೂಲಿ ಹುಟ್ಟುವುದು ಕಂತು ತೀರಿ ಉಳಿದ ಹಣದಿಂದ!

ನಿಮ್ಮ ಊರಿನಲ್ಲಿ, ಹತ್ತಿರದ ಪೇಟೆಯಲ್ಲಿ ಎಷ್ಟು ಛತ್ರ, ಹೋಟೆಲು, ಆಫೀಸು ಇವೆ? ತಿಂಗಳಿಗೆ ಎಷ್ಟು ಕೆಲಸ ಸಿಕ್ಕೀತು? ಎಲ್ಲರೂ ಕೂತು ಮಾತಾಡಿ. ಚೀಟಿಯಲ್ಲಿ ಬರೆಯಿರಿ. ಆ ಚೀಟಿ ನೋಡಿಕೊಂಡೇ ಯಂತ್ರದ ಅಂಗಡಿಗೆ ಹೋಗಿ.