ಜಾಲತಾಣದ ಲೆಕ್ಕವನ್ನು ಪರಿಶೀಲಿಸಿ ಗಿರಾಕಿಗಳನ್ನು ಹೆಚ್ಚಿಸಿಕೊಳ್ಳುವ ಕ್ರಮ

ಬೆಳೆಯನ್ನು ಬೆಳೆಯುವುದು ಬೇಸಾಯಗಾರನ ಅರ್ಧ ಕೆಲಸ. ಬೆಳೆದ ಮಾಲಿಗೆ ತಕ್ಕ ಗಿರಾಕಿಯನ್ನು ಕಂಡುಕೊಳ್ಳುವುದು ಉಳಿದರ್ಧ. ಈ ಎರಡನೆಯ ಭಾಗವನ್ನು ದಲ್ಲಾಳಿಗಳಿಗೆ ಒಪ್ಪಿಸಿ, ಅವರು ಹೇಳಿದ ಧಾರಣೆಗೆ ಸಮ್ಮತಿಸುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿರುವುದು. ಇತ್ತೀಚಿನ ವರ್ಷಗಳಲ್ಲಿ ಅನೇಕ ಜಮೀನುದಾರರೂ ರೈತ ಉತ್ಪಾದಕ ಸಂಸ್ಥೆಗಳೂ ತಮ್ಮ ಮಾಲನ್ನು ತಾವೇ ಮಾರುವ ಉದ್ದೇಶದಿಂದ ಜಾಲತಾಣಗಳನ್ನು ಮಾಡಿಸಿರುವುದು ಸಂತೋಷದ ವಿಷಯವೇ ಸರಿ. ಆದರೆ ಜಾಲತಾಣವನ್ನು ಮಾಡಿಸಿದ ಮಾತ್ರಕ್ಕೆ ಗಿರಾಕಿಗಳು ತಾವಾಗಿ ಬರುವುದಿಲ್ಲ. ದಾರಿಯಿಲ್ಲದ ಹೊಲದ ನಡುವೆ ಅಂಗಡಿಯನ್ನಿಟ್ಟರೆ ಹೇಗೋ ಹಾಗೆಯೇ ಇದೂ. ಜಾಲತಾಣಕ್ಕೆ ದಾರಿಯು ಬಹುಮಟ್ಟಿಗೆ ಗೂಗಲ್ ಮುಂತಾದ ಹುಡುಕುತಾಣಗಳ ಮೂಲಕವೇ ಬರಬೇಕಾಗಿದೆ. ಜನರು ಯಾವ ಮಾತುಗಳನ್ನು ಬರೆದು ಹುಡುಕಿದರು, ಹುಡುಕಿ ಬಂದವರು ಒಳಗೆ ಏನನ್ನು ನೋಡಿದರು ಎಂಬ ಲೆಕ್ಕವು ಖರ್ಚಿಲ್ಲದೆ ದೊರೆಯುವಂಥದಾದರೂ, ಅದನ್ನು ತೆರೆದು ನೋಡುವವರು ಕಡಮೆ. ಆ ಲೆಕ್ಕವನ್ನು ಓದುವ ರೀತಿಯನ್ನೂ ಅದರಿಂದ ಪಡೆಯಬಹುದಾದ ಪ್ರಯೋಜನವನ್ನೂ ಇಲ್ಲಿ ಸಂಗ್ರಹವಾಗಿ ತಿಳಿಸಲಾಗಿದೆ.

1. ಎರಡು ವಿಧದ ಲೆಕ್ಕಗಳು

ಗೂಗಲ್ ಸಂಸ್ಥೆಯವರು ಈ ಕೆಲಸಕ್ಕಾಗಿ ಎರಡು ಸಾಧನಗಳನ್ನು ಒದಗಿಸಿರುವರು. ಮೊದಲನೆಯದು ‘ಸರ್ಚ್ ಕನ್ಸೋಲ್’. ಇದು ಬಾಗಿಲಿನ ಹೊರಗಿನ ಲೆಕ್ಕ. ಹುಡುಕುವವರು ಬರೆದ ಮಾತುಗಳು ಯಾವುವು, ಆಗ ನಮ್ಮ ಜಾಲತಾಣವು ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಜನರು ಅದನ್ನು ಒತ್ತಿ ಒಳಗೆ ಬಂದರು ಎಂಬುದನ್ನು ಇದರಿಂದ ತಿಳಿಯಬಹುದು. ಎರಡನೆಯದು ‘ಅನಲಿಟಿಕ್ಸ್’. ಇದು ಬಾಗಿಲಿನ ಒಳಗಿನ ಲೆಕ್ಕ. ಬಂದವರು ಯಾವ ಪುಟವನ್ನು ನೋಡಿದರು, ಎಷ್ಟು ಹೊತ್ತು ನಿಂತರು, ದೂರವಾಣಿಯ ಗುಂಡಿಯನ್ನೊತ್ತಿದರೇ ಇಲ್ಲವೇ ಎಂಬುದು ಇದರಲ್ಲಿ ದಾಖಲಾಗುವುದು.

ಇವುಗಳ ವಿಷಯದಲ್ಲಿ ಮೂರು ಸಂಗತಿಗಳನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಲೆಕ್ಕದ ಒಡೆತನವು ಜಮೀನುದಾರರ ಅಥವಾ ಸಂಸ್ಥೆಯ ಸ್ವಂತ ಇ-ಮೇಲ್ ವಿಳಾಸದಲ್ಲಿರಬೇಕು; ಜಾಲತಾಣವನ್ನು ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ, ಅವರು ಕೆಲಸ ಬಿಟ್ಟುಹೋದ ದಿನ ಲೆಕ್ಕವೂ ಕೈತಪ್ಪಿಹೋಗುವ ಭಯವುಂಟು. ಎರಡನೆಯದಾಗಿ, ಅನಲಿಟಿಕ್ಸಿನ ಹಳೆಯ ಪದ್ಧತಿಯು 2023ನೆಯ ಜುಲೈ 1ರಿಂದ ಲೆಕ್ಕವಿಡುವುದನ್ನು ನಿಲ್ಲಿಸಿರುವುದರಿಂದ, ಅದಕ್ಕೆ ಮುಂಚೆ ಮಾಡಿಸಿದ ಜಾಲತಾಣಗಳಲ್ಲಿ ಹೊಸ ಪದ್ಧತಿಯಾದ ‘ಜಿ.ಎ. 4’ ಜೋಡಿಸಲ್ಪಟ್ಟಿದೆಯೇ ಎಂದು ವಿಚಾರಿಸಬೇಕು. ಮೂರನೆಯದಾಗಿ, ಸರ್ಚ್ ಕನ್ಸೋಲಿನಲ್ಲಿ ಹಿಂದಿನ 16 ತಿಂಗಳ ಲೆಕ್ಕವು ಮಾತ್ರ ದೊರೆಯುವುದು. ಒಂದು ಹಂಗಾಮನ್ನು ಹಿಂದಿನ ವರ್ಷದ ಹಂಗಾಮಿನೊಡನೆ ಹೋಲಿಸಲು ಇದು ಸಾಕು. ಮೂರು ನಾಲ್ಕು ವರ್ಷಗಳನ್ನು ಹೋಲಿಸಬೇಕಾದರೆ ತಿಂಗಳು ತಿಂಗಳಿಗೆ ಪ್ರತಿಯನ್ನು ಇಳಿಸಿಕೊಂಡು ಇಟ್ಟುಕೊಳ್ಳಬೇಕು.

2. ನಾಲ್ಕು ಅಂಕಿಗಳು ಮತ್ತು ಅವುಗಳ ಅರ್ಥ

ಸರ್ಚ್ ಕನ್ಸೋಲಿನ ತಃಖ್ತೆಯಲ್ಲಿ ಪ್ರತಿಯೊಂದು ಮಾತಿನ ಎದುರಿಗೆ ನಾಲ್ಕು ಅಂಕಿಗಳಿರುವುವು: ಕಾಣಿಸಿದ ಸಲ, ಒತ್ತಿದ ಸಲ, ಇವೆರಡರ ಶೇಕಡಾ ಪ್ರಮಾಣ, ಹುಡುಕಾಟದ ಪಟ್ಟಿಯಲ್ಲಿ ಸಿಕ್ಕಿದ ಸರಾಸರಿ ಸ್ಥಾನ. ಉದಾಹರಣೆಗಾಗಿ, ಒಂದು ಪುಟವು ಒಂದು ಮಾತಿಗೆ ತಿಂಗಳಲ್ಲಿ 4,000 ಸಲ ಕಾಣಿಸಿ 40 ಸಲ ಒತ್ತಲ್ಪಟ್ಟಿತೆಂದೂ ಅದರ ಸರಾಸರಿ ಸ್ಥಾನವು 12 ಎಂದೂ ಇಟ್ಟುಕೊಳ್ಳೋಣ. ನೂರಕ್ಕೆ ಒಬ್ಬರು ಮಾತ್ರ ಬಂದಂತಾಯಿತು. ಕೇಳುವವರು ಹೇರಳವಾಗಿದ್ದಾರೆ, ಪುಟವು ಮಾತ್ರ ಪಟ್ಟಿಯಲ್ಲಿ ಬಹಳ ಕೆಳಗಿದೆ ಎಂಬುದು ಇದರ ಅರ್ಥ. ಇಂಥ ಪುಟಕ್ಕೆ ಶ್ರಮಪಟ್ಟರೆ ಬೇಗನೆ ಫಲ ದೊರೆಯುವ ಸಂಭವವುಂಟು.

ಇನ್ನೊಂದು ಪುಟದ ಸ್ಥಾನವು 3 ಇದ್ದರೂ ಒತ್ತುವವರು ಬಹು ಕಡಮೆಯಿದ್ದರೆ, ದೋಷವು ಹೆಚ್ಚಾಗಿ ಪುಟದ ತಲೆಬರಹದಲ್ಲಿ ಇಲ್ಲವೆ ಅದರ ಕೆಳಗಣ ಎರಡು ಸಾಲಿನ ವಿವರಣೆಯಲ್ಲಿ ಇರುವುದು. ‘ಸ್ವಾಗತ’, ‘ಮುಖಪುಟ’, ‘ನಮ್ಮ ಉತ್ಪನ್ನಗಳು’ ಎಂದು ಬರೆದ ತಲೆಬರಹದಿಂದ ಹುಡುಕುವವನಿಗೆ ಏನೂ ತಿಳಿಯದು. ಮಾಲಿನ ಹೆಸರು, ಊರು, ತೂಕ, ಕಳುಹಿಸಿಕೊಡುವ ಏರ್ಪಾಡು ಇವುಗಳನ್ನು ಅಲ್ಲಿಯೇ ಸೂಚಿಸಿದರೆ ಒತ್ತುವವರು ಹೆಚ್ಚಾಗುವರು. ಒಂದೇ ಮಾತಿಗೆ ನಮ್ಮವೇ ಆದ ಎರಡು ಮೂರು ಪುಟಗಳು ಬಾರಿ ಬಾರಿಗೆ ಕಾಣಿಸುತ್ತಿದ್ದು ಯಾವುದೊಂದೂ ಮೇಲೇರದಿದ್ದರೆ, ಅವುಗಳನ್ನು ಸೇರಿಸಿ ಒಂದು ಪೂರ್ಣವಾದ ಪುಟವನ್ನಾಗಿ ಮಾಡುವುದು ಲೇಸು.

3. ಗಿರಾಕಿಯ ಮಾತು, ಬೆಳೆಗಾರನ ಮಾತು: ಬ್ಯಾಡಗಿ ಮೆಣಸಿನಕಾಯಿಯ ನಿದರ್ಶನ

ಬೆಳೆಗಾರನು ತನ್ನ ಮಾಲಿಗೆ ಇಟ್ಟುಕೊಂಡ ಹೆಸರೂ ಗಿರಾಕಿಯು ಹುಡುಕುವ ಹೆಸರೂ ಅನೇಕ ವೇಳೆ ಬೇರೆ ಬೇರೆಯಾಗಿರುವುವು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನಿಂದ ಪ್ರಸಿದ್ಧವಾದ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಬಹುದು. ಹೆಚ್ಚು ಬಣ್ಣವೂ ಕಡಮೆ ಖಾರವೂ ಇದರ ಗುಣ. ನೀಳವಾದ ಕಡ್ಡಿ, ಗಿಡ್ಡವೂ ದುಂಡಗೂ ಇರುವ ಡಬ್ಬಿ ಎಂದು ಇದರಲ್ಲಿ ಎರಡು ಬಗೆಗಳುಂಟು. ನಮ್ಮವರು ‘ಬ್ಯಾಡಗಿ’ ಎಂದು ಬರೆದರೆ ಮುಂಬಯಿ ಕಡೆಯ ಗಿರಾಕಿಗಳು ‘ಬೇಡಗಿ ಮಿರ್ಚಿ’ ಎನ್ನುವರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ನಡುವಣ ಸ್ವರವನ್ನು ಕೆಲವರು ಬಿಡುವರು, ಕೆಲವರು ಸೇರಿಸುವರು. ಕನ್ನಡಿಗರಲ್ಲಿಯೂ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುವವರು ಉಂಟು. ಈ ರೂಪಗಳೆಲ್ಲವೂ ಮಾತುಗಳ ತಃಖ್ತೆಯಲ್ಲಿ ಕಣ್ಣಿಗೆ ಬೀಳುವುವು. ಬಳಕೆಯಲ್ಲಿರುವ ಮುಖ್ಯ ರೂಪಗಳನ್ನು ಪುಟದಲ್ಲಿ ಸಹಜವಾಗಿ ಒಂದೆರಡು ಕಡೆ ಬರೆದರೆ ಸಾಕು. ಪ್ರತಿಯೊಂದು ರೂಪಕ್ಕೂ ಬೇರೆ ಬೇರೆ ಪುಟಗಳನ್ನು ಮಾಡುವ ಅವಶ್ಯಕತೆಯಿಲ್ಲ.

ಇದಕ್ಕಿಂತ ಮುಖ್ಯವಾದುದು ಹುಡುಕುವವನ ಉದ್ದೇಶ. ಮನೆಯಾಕೆಯು ‘ಖಾರ ಕಡಮೆಯಿರುವ, ಬಣ್ಣ ಬರುವ ಮೆಣಸಿನಪುಡಿ’ ಎಂದು ಕೇಳುವಳು. ಮಸಾಲೆ ತಯಾರಿಸುವವನು ‘ತೊಟ್ಟು ತೆಗೆದ ಕಡ್ಡಿ ಮೆಣಸಿನಕಾಯಿ, ಸಗಟು’ ಎಂದು ಕೇಳುವನು. ಮೆಣಸಿನಕಾಯಿಯಿಂದ ಬಣ್ಣದ ಸತ್ವವನ್ನು ತೆಗೆಯುವ ಕಾರ್ಖಾನೆಯವನು ಬಣ್ಣದ ಪ್ರಮಾಣವನ್ನು ಕೇಳುವನು. ‘ಇಂದಿನ ಬ್ಯಾಡಗಿ ಪೇಟೆಯ ಧಾರಣೆ’ ಎಂದು ಕೇಳುವವರಲ್ಲಿ ಅನೇಕರು ಮಾರಲು ಹೊರಟ ರೈತರೇ ಹೊರತು ಕೊಳ್ಳುವವರಲ್ಲ. ಇವರೆಲ್ಲರಿಗೂ ಒಂದೇ ಪುಟದಲ್ಲಿ ಉತ್ತರ ಕೊಡಹೊರಟರೆ ಯಾರಿಗೂ ತೃಪ್ತಿಯಾಗದು. ನಮಗೆ ಬೇಕಾದ ಗಿರಾಕಿ ಯಾರೆಂಬುದನ್ನು ನಿಶ್ಚಯಿಸಿಕೊಂಡು, ಅವನ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಪುಟವನ್ನು ಬರೆಯಿಸಬೇಕು. ಒಣಗಿಸಿದ ಕ್ರಮ, ತೇವಾಂಶ, ಚೀಲದ ತೂಕ, ಶೀತಗೃಹದಲ್ಲಿಟ್ಟ ಮಾಲೇ ಹೊಸ ಮಾಲೇ ಎಂಬ ವಿವರ, ನಿಜವಾದ ಛಾಯಾಚಿತ್ರ ಇವು ಬೆಳೆಗಾರನ ಬಳಿಯೇ ಇರುವ ಸಂಗತಿಗಳು. ಇವನ್ನು ಬರೆಯಲು ಬೇರೆಯವರಿಗಿಂತ ಅವನೇ ಸಮರ್ಥನು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ನೋಂದಣಿಯಾಗಿರುವುದು. ಹೆಚ್ಚು ಜನರು ಹುಡುಕುವರೆಂಬ ಕಾರಣಕ್ಕೆ, ಆ ಸೂಚಕಕ್ಕಾಗಿ ಗೊತ್ತುಮಾಡಿದ ಪ್ರದೇಶದ ಹೊರಗೆ ಬೆಳೆದ ಮಾಲಿಗೆ ಆ ಹೆಸರನ್ನು ಹಚ್ಚುವುದು ಕಾನೂನಿಗೂ ವಿರೋಧ, ನಂಬಿಕೆಗೂ ವಿರೋಧ. ಗಿರಾಕಿಯು ಒಂದು ಸಲ ಮೋಸಹೋದರೆ ಮರಳಿ ಬಾರನು.

4. ಮಾತುಗಳನ್ನು ಕಂಡುಕೊಳ್ಳಲು ಇರುವ ಬೇರೆ ಸಾಧನಗಳು

ಜಾಲತಾಣವು ಹೊಸದಾಗಿದ್ದು ಸರ್ಚ್ ಕನ್ಸೋಲಿನಲ್ಲಿ ಮಾತುಗಳು ಹೆಚ್ಚಾಗಿ ದೊರೆಯದಿದ್ದರೆ ಮತ್ತೆರಡು ಸಾಧನಗಳ ನೆರವನ್ನು ಪಡೆಯಬಹುದು. ‘ಗೂಗಲ್ ಟ್ರೆಂಡ್ಸ್’ ಎಂಬುದರಲ್ಲಿ ಒಂದು ಮಾತಿನ ಹುಡುಕಾಟವು ಯಾವ ತಿಂಗಳಲ್ಲಿ ಏರುವುದು, ಯಾವ ರಾಜ್ಯದಲ್ಲಿ ಹೆಚ್ಚು ಎಂಬುದು ತಿಳಿಯುವುದು. ಇದರ ಅಂಕಿಗಳು 0ಯಿಂದ 100ರವರೆಗಿನ ತುಲನೆಯ ಅಂಕಿಗಳು. 100 ಎಂದರೆ ನೂರು ಜನರೆಂದು ಭಾವಿಸಕೂಡದು, ಆ ಅವಧಿಯ ಅತ್ಯಂತ ಎತ್ತರದ ಮಟ್ಟವೆಂದು ತಿಳಿಯಬೇಕು. ಮಾವು, ಹಲಸು, ಹೊಸ ಬೆಲ್ಲ ಮೊದಲಾದ ಹಂಗಾಮಿನ ಮಾಲುಗಳಿಗೆ ಇದು ವಿಶೇಷವಾಗಿ ಉಪಯುಕ್ತ. ಬಿತ್ತನೆಗೆ ಮುಂಚೆ ಹೊಲವನ್ನು ಹದಗೊಳಿಸುವಂತೆ, ಹುಡುಕಾಟವು ಏರುವುದಕ್ಕೆ ಎರಡು ತಿಂಗಳು ಮುಂಚೆಯೇ ಪುಟವನ್ನು ಸಿದ್ಧಪಡಿಸಿರಬೇಕು.

‘ಕೀವರ್ಡ್ ಪ್ಲಾನರ್’ ಎಂಬುದು ಜಾಹೀರಾತುದಾರರಿಗಾಗಿ ಮಾಡಿದ ಸಾಧನ. ಇದರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಹುಡುಕಾಟಗಳು ನಡೆಯುವುವೆಂಬ ಅಂದಾಜು ದೊರೆಯುವುದು. ಅದು ವರ್ಷದ ಸರಾಸರಿಯಾದುದರಿಂದ ಹಂಗಾಮಿನ ಏರಿಳಿತವು ಅದರಲ್ಲಿ ಮರೆಯಾಗುವುದು. ಅದರಲ್ಲಿನ ‘ಸ್ಪರ್ಧೆ’ ಎಂಬ ಅಂಕಣವು ಹಣಕೊಟ್ಟು ಜಾಹೀರಾತು ಹಾಕುವವರ ಪೈಪೋಟಿಯನ್ನು ತಿಳಿಸುವುದು. ಹುಡುಕಾಟದ ಪಟ್ಟಿಯಲ್ಲಿ ಮೇಲೇರುವುದು ಸುಲಭವೋ ಕಷ್ಟವೋ ಎಂಬುದನ್ನು ಅದರಿಂದ ನಿರ್ಣಯಿಸುವುದು ತಪ್ಪು.

5. ಬಂದವರ ಸಂಖ್ಯೆಯೇ ಫಸಲಲ್ಲ

ಜಾಲತಾಣಕ್ಕೆ ಬಂದವರ ಸಂಖ್ಯೆಯನ್ನೇ ತೋರಿಸಿ ಹಣ ಕೇಳುವವರು ಅನೇಕರಿರುವರು. ಹೊಲದಲ್ಲಿ ಹಸಿರು ಎಷ್ಟಿದ್ದರೂ ಕಣಕ್ಕೆ ಬಂದ ಕಾಳನ್ನೇ ಅಳೆಯುವಂತೆ, ಇಲ್ಲಿಯೂ ವಿಚಾರಣೆಗಳನ್ನೂ ಮಾರಾಟವನ್ನೂ ಅಳೆಯಬೇಕು. ಒಂದು ಜಾಲತಾಣದ ಧಾರಣೆಯ ಪುಟಕ್ಕೆ ತಿಂಗಳಲ್ಲಿ 900 ಜನರು ಬಂದು 2 ವಿಚಾರಣೆಗಳೂ, ತೊಟ್ಟು ತೆಗೆದ ಕಡ್ಡಿಯ ಪುಟಕ್ಕೆ 60 ಜನರು ಬಂದು 6 ವಿಚಾರಣೆಗಳೂ ಆದುವೆಂದು ಊಹಿಸಿದರೆ, ಮುಂದಿನ ತಿಂಗಳ ಶ್ರಮವು ಯಾವ ಪುಟಕ್ಕೆ ಸಲ್ಲತಕ್ಕದ್ದೆಂಬುದು ಸ್ಪಷ್ಟ.

ಇದಕ್ಕಾಗಿ ದೂರವಾಣಿಯ ಗುಂಡಿ, ವಾಟ್ಸಾಪ್ ಗುಂಡಿ, ವಿಚಾರಣೆಯ ನಮೂನೆ ಇವುಗಳ ಬಳಕೆಯು ಅನಲಿಟಿಕ್ಸಿನಲ್ಲಿ ಪ್ರತ್ಯೇಕವಾಗಿ ಎಣಿಕೆಯಾಗುವಂತೆ ಏರ್ಪಡಿಸಿಕೊಳ್ಳಬೇಕು. ಗೂಗಲಿನವರು 2011ರಿಂದ ಕ್ರಮವಾಗಿ ಹುಡುಕಾಟದ ಮಾತುಗಳನ್ನು ಜಾಲತಾಣಗಳಿಗೆ ತಿಳಿಸುವುದನ್ನು ನಿಲ್ಲಿಸಿರುವುದರಿಂದ, ಇಂಥ ವಿಚಾರಣೆಯು ಇಂಥ ಮಾತಿನಿಂದಲೇ ಬಂತೆಂದು ಹೇಳಲಾಗದು. ಒಂದು ಪುಟಕ್ಕೆ ಬರುವ ಮಾತುಗಳನ್ನು ಸರ್ಚ್ ಕನ್ಸೋಲಿನಲ್ಲಿಯೂ ಅದೇ ಪುಟದಿಂದಾದ ವಿಚಾರಣೆಗಳನ್ನು ಅನಲಿಟಿಕ್ಸಿನಲ್ಲಿಯೂ ನೋಡಿ ತಾಳೆಹಾಕಬೇಕು. ಇದರ ಜೊತೆಗೆ, ಕರೆ ಮಾಡಿದವರನ್ನು ‘ಏನೆಂದು ಹುಡುಕಿದಿರಿ?’ ಎಂದು ಕೇಳಿ ಪುಸ್ತಕದಲ್ಲಿ ಬರೆದಿಡುವುದು ಬಹಳ ಉಪಯುಕ್ತವಾದ ಅಭ್ಯಾಸ.

6. ಲೆಕ್ಕವನ್ನು ಓದುವಾಗ ಗಮನಿಸತಕ್ಕ ಸಂಗತಿಗಳು

ಸರ್ಚ್ ಕನ್ಸೋಲಿನ ಒತ್ತುಗಳ ಸಂಖ್ಯೆಗೂ ಅನಲಿಟಿಕ್ಸಿನ ಭೇಟಿಗಳ ಸಂಖ್ಯೆಗೂ ಸರಿಯಾಗಿ ತಾಳೆಯಾಗದು. ಎಣಿಸುವ ಕ್ರಮಗಳೇ ಬೇರೆ. ಬಹು ಕಡಮೆ ಜನರು ಬರೆದ ಮಾತುಗಳನ್ನು ಅವರ ಗೋಪ್ಯತೆಗಾಗಿ ಮರೆಮಾಡಿರುವುದರಿಂದ, ಮಾತುಗಳನ್ನು ಕೂಡಿಸಿದ ಮೊತ್ತವು ಒಟ್ಟು ಮೊತ್ತಕ್ಕಿಂತ ಕಡಮೆಯಾಗುವುದೂ ಉಂಟು. ಆದಕಾರಣ ಲೆಕ್ಕವು ತಪ್ಪೆಂದು ಕಳವಳಪಡಬೇಕಾದುದಿಲ್ಲ. ದಿನದಿನದ ಏರಿಳಿತವನ್ನು ಲಕ್ಷಿಸದೆ, ಈ ವರ್ಷದ ಜನವರಿಯನ್ನು ಹಿಂದಿನ ವರ್ಷದ ಜನವರಿಯೊಡನೆ ಹೋಲಿಸಬೇಕು.

ಭಾರತದಲ್ಲಿ 2024ರಿಂದ ಗೂಗಲಿನಲ್ಲಿ ಕೆಲವು ಪ್ರಶ್ನೆಗಳಿಗೆ ಕೃತಕ ಬುದ್ಧಿಯು ರಚಿಸಿದ ಉತ್ತರವು ಪಟ್ಟಿಯ ಮೇಲ್ಭಾಗದಲ್ಲಿಯೇ ಕಾಣಿಸುತ್ತಿರುವುದು. ಉತ್ತರವು ಅಲ್ಲಿಯೇ ದೊರೆತವನು ಒಳಗೆ ಬಾರದೆ ಹೋಗಬಹುದು. ಆದುದರಿಂದ ಸ್ಥಾನವು ಇಳಿಯದೆ ಒತ್ತುವವರು ಮಾತ್ರ ಕಡಮೆಯಾದರೆ ಈ ಕಾರಣವನ್ನೂ ಯೋಚಿಸಬೇಕು. ‘ಮೆಣಸಿನಕಾಯಿಯ ಗುಣಗಳೇನು’ ಎಂಬಂಥ ಸಾಮಾನ್ಯ ಪ್ರಶ್ನೆಗಳಿಗಿಂತ, ಕೊಳ್ಳುವವನು ಕೇಳುವ ನಿರ್ದಿಷ್ಟ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಈಗ ಹೆಚ್ಚು ಪ್ರಯೋಜನಕರ.

ಪುಟದಲ್ಲಿ ಮಾಡುವ ಬದಲಾವಣೆಯನ್ನು ಪ್ರಯೋಗದ ತಾಕಿನಂತೆ ನಡೆಸಬೇಕು. ಎರಡು ಗೊಬ್ಬರಗಳನ್ನು ಒಂದೇ ತಾಕಿಗೆ ಹಾಕಿದರೆ ಯಾವುದರ ಗುಣವೆಂದು ತಿಳಿಯದು. ಹಾಗೆಯೇ ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ತಾರೀಖನ್ನು ಬರೆದಿಟ್ಟು, ಕೆಲವು ವಾರಗಳು ಕಾದು, ಮುಟ್ಟದೆ ಬಿಟ್ಟ ಪುಟಗಳೊಡನೆ ಹೋಲಿಸಿ ನೋಡತಕ್ಕದ್ದು.

7. ಹಣ ಕಳೆಯುವ ದಾರಿಗಳು

‘ಮೊದಲನೆಯ ಸ್ಥಾನವನ್ನು ಖಂಡಿತವಾಗಿ ಕೊಡಿಸುವೆವು’ ಎಂದು ಮುಂಗಡ ಕೇಳುವವರನ್ನು ನಂಬಕೂಡದು. ಅಂಥ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲಿನವರೇ ತಿಳಿಸಿರುವರು. ಒಂದೇ ಮಾತನ್ನು ಪುಟದ ತುಂಬ ತುರುಕುವುದು, ಬೇರೆ ಜಾಲತಾಣಗಳಿಂದ ಕೊಂಡಿಗಳನ್ನು ಹಣಕೊಟ್ಟು ಕೊಳ್ಳುವುದು ಇವು ಗೂಗಲಿನ ನಿಯಮಗಳಿಗೆ ವಿರುದ್ಧವಾದುದರಿಂದ, ಇರುವ ಸ್ಥಾನವೂ ಹೋಗಬಹುದು. ಪುಟದ ಒಳಗೆ ಕಾಣದಂತೆ ‘ಕೀವರ್ಡ್’ಗಳ ಪಟ್ಟಿಯನ್ನು ಸೇರಿಸುವುದಕ್ಕೆ ಹಣ ಕೇಳುವವರೂ ಉಂಟು, ಅದನ್ನು ತಾವು ಗಣನೆಗೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲಿನವರು 2009ರಲ್ಲಿಯೇ ಪ್ರಕಟಿಸಿರುವರು.

8. ತಿಂಗಳಿಗೊಮ್ಮೆ ಮಾಡತಕ್ಕ ಕೆಲಸ

ಸಂಸ್ಥೆಯ ಕಾರ್ಯದರ್ಶಿಯಾಗಲಿ ಮನೆಯಲ್ಲಿ ಓದಿದ ಮಗನೋ ಮಗಳೋ ಆಗಲಿ, ತಿಂಗಳಿಗೆ ಅರ್ಧ ದಿನದಲ್ಲಿ ಈ ಕೆಳಕಂಡ ಕೆಲಸವನ್ನು ಮುಗಿಸಬಹುದು.

(1) ಕಳೆದ ತಿಂಗಳ ಮಾತುಗಳ ತಃಖ್ತೆಯನ್ನು ಇಳಿಸಿಕೊಂಡು ಇಡುವುದು.
(2) ಹೆಚ್ಚು ಸಲ ಕಾಣಿಸಿ 8ರಿಂದ 20ರ ಒಳಗಿನ ಸ್ಥಾನದಲ್ಲಿರುವ ಐದು ಮಾತುಗಳನ್ನು ಗುರುತಿಸುವುದು.
(3) ಅವುಗಳಲ್ಲಿ ಕೊಳ್ಳುವವರ ಮಾತು ಯಾವುದು, ಬರಿಯ ಕುತೂಹಲದ ಮಾತು ಯಾವುದು ಎಂದು ವಿಂಗಡಿಸುವುದು.
(4) ಕೊಳ್ಳುವವರ ಮಾತೊಂದನ್ನು ಆರಿಸಿ, ಆ ಪುಟದಲ್ಲಿ ಇಲ್ಲದ ಉತ್ತರವನ್ನು ಸೇರಿಸುವುದು. ಉತ್ತರಕ್ಕೆ ಪುಟವೇ ಇಲ್ಲದಿದ್ದರೆ ಹೊಸದನ್ನು ಬರೆಯಿಸುವುದು.
(5) ಪ್ರತಿಯೊಂದು ಪುಟದಿಂದ ಬಂದ ವಿಚಾರಣೆಗಳನ್ನೂ ಆದ ಮಾರಾಟವನ್ನೂ ಪುಸ್ತಕದಲ್ಲಿ ಬರೆಯುವುದು.
(6) ಕೈಯಲ್ಲಿಡುವ ಫೋನಿನಲ್ಲಿ ಪುಟವನ್ನು ತೆರೆದು, ಬೇಗನೆ ತೆರೆಯುವುದೇ, ಕೊಟ್ಟಿರುವ ಸಂಖ್ಯೆಯು ಸರಿಯೇ ಎಂದು ನೋಡುವುದು.

ಗ್ರಾಮದ ಮುಖಂಡರು ಈ ತಃಖ್ತೆಗಳನ್ನು ಸ್ವತಃ ಓದಬೇಕಾದ ಅಗತ್ಯವಿಲ್ಲ. ಸಂಸ್ಥೆಯ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿದರೆ ಸಾಕು: ಲೆಕ್ಕದ ಒಡೆತನವು ಯಾರ ಹೆಸರಿನಲ್ಲಿದೆ? ಕಳೆದ ತಿಂಗಳು ಕೊಳ್ಳುವವರು ಯಾವ ಮಾತುಗಳಿಂದ ಬಂದರು? ಅವರಲ್ಲಿ ಎಷ್ಟು ಮಂದಿ ಮಾಲನ್ನು ಕೊಂಡರು? ಈ ಮೂರಕ್ಕೂ ಉತ್ತರ ದೊರೆಯುವ ಕಡೆ ಜಾಲತಾಣಕ್ಕೆ ಹಾಕಿದ ಹಣದ ಫಲವು ಕಣ್ಣಿಗೆ ಕಾಣುವುದು. ಉತ್ತರ ದೊರೆಯದ ಕಡೆ ಮತ್ತಷ್ಟು ಹಣ ಹಾಕುವುದಕ್ಕೆ ಮುಂಚೆ ಲೆಕ್ಕವನ್ನು ಸರಿಪಡಿಸುವುದೇ ಮೊದಲ ಕೆಲಸ.