ಮುಳುಗಡೆ ಮನೆಗೆ ಕ್ಯಾಮೆರಾ: ಅಂದಕ್ಕಿಂತ ಅಳತೆ ಮುಖ್ಯ

ಆಲಮಟ್ಟಿ: ಮಾರಾಟಕ್ಕಿಟ್ಟ ಬಂಗಲೆಯ ಛಾಯಾಚಿತ್ರದಲ್ಲಿ ಗೋಡೆಯ ಬಿರುಕು ಮರೆಯಾಗುತ್ತದೆ, ಕೋಣೆ ಇದ್ದುದಕ್ಕಿಂತ ವಿಶಾಲವಾಗಿ ಕಾಣುತ್ತದೆ. ಕೊಳ್ಳುವವರನ್ನು ಬಾಗಿಲವರೆಗೆ ಕರೆತರುವುದಷ್ಟೇ ಆ ಚಿತ್ರದ ಕೆಲಸ. ಕೃಷ್ಣೆಯ ಹಿನ್ನೀರಿಗೆ ಬಿಟ್ಟುಕೊಡಬೇಕಾದ ವಾಡೆಯ ಚಿತ್ರದ ಕೆಲಸ ಬೇರೆ. ಮನೆ ನೆಲಸಮವಾದ ಬಳಿಕ ಅಲ್ಲಿ ಏನಿತ್ತು ಎಂಬುದಕ್ಕೆ ಪಂಚನಾಮೆಯ ಜತೆಗೆ ಅದೂ ಸಾಕ್ಷಿಯಾಗಬೇಕು.

ಪಣಕ್ಕಿರುವುದೇನು?

ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರದಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ಸಂಗ್ರಹಿಸಲಾಗುತ್ತಿದೆ. ಇದನ್ನು 524.256 ಮೀಟರ್‌ಗೆ ಏರಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲಿ ಅವಕಾಶ ನೀಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ಹಾಗೂ ಒಣಭೂಮಿಗೆ 30 ಲಕ್ಷ ರೂಪಾಯಿ ನೀಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು.

ಮನೆಯ ಬೆಲೆಯನ್ನು ಹೀಗೆ ಎಕರೆ ಲೆಕ್ಕದಲ್ಲಿ ಕಟ್ಟಲಾಗದು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಕಟ್ಟಡದ ಮೌಲ್ಯ ನಿಗದಿಗೆ ಎಂಜಿನಿಯರ್‌ಗಳ ನೆರವು ಪಡೆಯಲು ಅವಕಾಶವಿದೆ. ಪರಿಹಾರಧನದ ಮೇಲೆ ಶೇ. 100ರಷ್ಟು ಸೊಲೇಷಿಯಂ ಸೇರುತ್ತದೆ. ಆದ್ದರಿಂದ ಅಳತೆಯ ವೇಳೆ ಗಮನಕ್ಕೆ ಬಾರದ ಒಂದು ತೇಗದ ತೊಲೆಯಿಂದಾಗುವ ನಷ್ಟವೂ ಇಮ್ಮಡಿ.

ಸಿದ್ಧತೆ ಹೇಗೆ?

ಮೊದಲು ಮನೆಯನ್ನು ತೆರವುಗೊಳಿಸಬೇಕು. ಮೂಲೆಯ ಚೀಲ, ಕಂಬಕ್ಕೆ ಕಟ್ಟಿದ ಹಗ್ಗ, ಗೋಡೆಗೆ ಒರಗಿಸಿದ ಸಾಮಾನು ತೆಗೆದರೆ ಮಾತ್ರ ಕಟ್ಟಡ ಕಾಣುತ್ತದೆ. ನೆಲದ ಕಲ್ಲು ಹಾಗೂ ಕೆತ್ತನೆಯ ಚೌಕಟ್ಟುಗಳನ್ನು ಒರೆಸಬೇಕು. ಹೊಸದಾಗಿ ಸುಣ್ಣ ಬಳಿದು ಗೋಡೆಯ ಸ್ವರೂಪವನ್ನು ಮರೆಮಾಚುವುದು ಬೇಡ.

ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿನದೇ ತೊಡಕು. ಬಿಸಿಲು ಏರಿದ ಮೇಲೆ ಬಾಗಿಲು, ಬೆಳಕಿಂಡಿಗಳನ್ನೆಲ್ಲ ತೆರೆದು, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಎದೆಯೆತ್ತರಕ್ಕೆ ನಿಲ್ಲಿಸಬೇಕು. ಮಂದ ಬೆಳಕಿನಲ್ಲಿ ಚಿತ್ರ ಅಲುಗಾಡದಂತೆ ತಡೆಯಲು ಇದೇ ದಾರಿ. ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ವಾಲಿದರೆ ಗೋಡೆಗಳು ಓರೆಯಾಗುತ್ತವೆ. ಅತಿ ಅಗಲದ ಲೆನ್ಸ್ ಕೋಣೆಯನ್ನು ಹಿಗ್ಗಿಸಿ ತೋರಿಸುವುದರಿಂದ ಅಳತೆಗೆ ಅದು ತಕ್ಕುದಲ್ಲ.

ಪ್ರತಿ ಕೋಣೆಯನ್ನು ಎದುರುಬದುರಿನ ಎರಡು ಮೂಲೆಗಳಿಂದ ಸೆರೆಹಿಡಿಯುವುದು ಒಳಿತು. ತೊಲೆ, ಜಂತಿ, ಕಂಬಗಳ ಸಮೀಪಚಿತ್ರದಲ್ಲಿ ಅಳತೆಯ ಟೇಪು ಕಾಣುವಂತಿರಬೇಕು. ಬಾವಿ, ಹಗೇವು, ದನದ ಕೊಟ್ಟಿಗೆ, ಹಿತ್ತಲಿನ ಗಿಡಮರಗಳನ್ನು ಮರೆಯಬಾರದು.

ವಿಡಿಯೊ

ಬೀದಿಯಿಂದ ಆರಂಭಿಸಿ ತಲಬಾಗಿಲು, ಪಡಸಾಲೆ, ಅಡುಗೆಮನೆ, ಹಿತ್ತಲಿನವರೆಗೆ ಎಲ್ಲಿಯೂ ತುಂಡರಿಸದೆ ನಿಧಾನವಾಗಿ ಚಿತ್ರೀಕರಿಸಬೇಕು. ಪಡಸಾಲೆ ಎಷ್ಟು ಅಂಕಣದ್ದು, ಗೋಡೆ ಎಷ್ಟು ದಪ್ಪ ಎಂಬುದನ್ನು ಮನೆಯ ಹಿರಿಯರೇ ಹೇಳುತ್ತ ಸಾಗಿದರೆ ದಾಖಲೆ ಪೂರ್ಣವಾಗುತ್ತದೆ. ಸಂಗೀತ ಸೇರಿಸುವ, ಬಣ್ಣ ತಿದ್ದುವ ಅಗತ್ಯವಿಲ್ಲ.

ಮೂಲ ಕಡತವನ್ನು ದಿನಾಂಕದೊಂದಿಗೆ ಎರಡು ಕಡೆ ಕಾಪಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯಲ್ಲಿ ವಿವರಗಳು ಕುಗ್ಗಿರುತ್ತವೆ. ಪರಿಹಾರದ ವಿವಾದ ನ್ಯಾಯಾಲಯದ ಮೆಟ್ಟಿಲೇರಿದರೆ, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನೂ ಸಲ್ಲಿಸಬೇಕಾಗುತ್ತದೆ.

ಹಳೆ ಬಾಗಲಕೋಟೆಯ ಅನೇಕ ಮನೆಗಳು ಇದೇ ಜಲಾಶಯಕ್ಕಾಗಿ ಈಗಾಗಲೇ ತೆರವಾಗಿವೆ. ಹಿನ್ನೀರು ಬಂದ ಮೇಲೆ ಮನೆಯನ್ನು ಮತ್ತೊಮ್ಮೆ ಅಳೆಯಲಾಗದು. ಜಂಟಿ ಅಳತೆಯ ತಂಡ ಬಾಗಿಲಿಗೆ ಬರುವ ಮುನ್ನವೇ ಈ ಚಿತ್ರಗಳು ಸಿದ್ಧವಿರುವುದು ಲೇಸು.